ಸೊಂಟ ಹಿಡಿದಾಗ ತರುವ ಮಾತ್ರೆ: ನುಂಗುವ ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ತುಂಬಿದ ಸಿಲಿಂಡರ್ ಎತ್ತಿ ಸೊಂಟ ಹಿಡಿಯಿತು ಅಂದ್ರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಯಲ್ಲಿ ನೋವಿನ ಔಷಧಿಯ ಜೊತೆ ಸ್ನಾಯು ಸಡಿಲಿಸುವ ಔಷಧಿಯೂ ಇರುವುದುಂಟು. ಇಂಥ ಹೆಚ್ಚಿನ ಔಷಧಿಗಳು ಮೆದುಳು, ಬೆನ್ನುಹುರಿಯ ಮೇಲೆ ಕೆಲಸ ಮಾಡುತ್ತವೆ. ಅದಕ್ಕೇ ಮಂಪರು, ತಲೆಸುತ್ತು, ಬಾಯಿ ಒಣಗುವುದು. ಸುಮ್ನೆ ತಂದು ನುಂಗುವ ಮಾತ್ರೆ ಇದಲ್ಲ, ಡಾಕ್ಟರ್ ಚೀಟಿ ಬೇಕು.

ಮೊದಲು ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರ ಓದಿ. ಉದಾಹರಣೆಗೆ: ಅಸಿಕ್ಲೋಫೆನಾಕ್ (ನೋವಿಗೆ) 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325, ಕ್ಲೋರ್‌ಜಾಕ್ಸಜೋನ್ (ಸ್ನಾಯು ಸಡಿಲಿಸಲು) 250. ಒಂದೇ ಗುಳಿಗೆ, ಮೂರು ಔಷಧಿ. ಮೈ ಬಿಸಿ ಇದೆ ಅಂತ ಮೇಲೊಂದು ಡೋಲೊ ನುಂಗಿದರೆ ಪ್ಯಾರಾಸಿಟಮಾಲ್ ಎರಡೆರಡು ಸಲ ಹೊಟ್ಟೆಗೆ ಹೋಯಿತು. ಹೀಗೆ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಅಪರೂಪಕ್ಕೆ ಕ್ಲೋರ್‌ಜಾಕ್ಸಜೋನ್ ಕೂಡ ಲಿವರ್ ಕೆಡಿಸುತ್ತದೆ. ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಸ್ನಾಯು ಸಡಿಲಿಸುವ ಇನ್ನೊಂದು ಔಷಧಿ ಟೈಜಾನಿಡಿನ್ ಅಂತ ಬರೆದಿದ್ದರೆ ಇನ್ನೂ ಹುಷಾರು. ಇದು ಬಿಪಿ ಇಳಿಸುತ್ತದೆ. ರಾತ್ರಿ ಬಾತ್‌ರೂಮಿಗೆ ಏಳುವಾಗ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಿ. ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಜೊತೆ ಇದು ಕೂಡಲೇಬಾರದು. ರಕ್ತದಲ್ಲಿ ಟೈಜಾನಿಡಿನ್ ಸುಮಾರು ಹತ್ತು ಪಟ್ಟು ಏರುತ್ತದೆ. ಹಾಗಾಗಿ ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ.

ಇದೇ ಗುಂಪಿನ ಥಯೊಕಾಲ್ಚಿಕೊಸೈಡ್ ಇದ್ದರೆ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಟ್ಟಬಾರದು. ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಈ ಮಾತ್ರೆಗೆ 7 ದಿನದ ಮಿತಿ ಹಾಕಿದರು. 16 ವರ್ಷದೊಳಗಿನವರಿಗೆ ಬೇಡ ಅಂದರು. ನಮ್ಮಲ್ಲಿ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಾತ್ರೆ ತಗೊಂಡ ಮೇಲೆ ಬೈಕ್, ಕಾರು ಓಡಿಸಬೇಡಿ. ಮದ್ಯ ಪೂರ್ತಿ ಬಿಡಿ. ನಿದ್ದೆ ಮಾತ್ರೆ, ಅಲರ್ಜಿಯ ಸಿಟ್ರಿಜಿನ್ ಕೂಡ ಮಂಪರು ಹೆಚ್ಚಿಸುತ್ತವೆ.

ಪಾರ್ಶ್ವವಾಯು ಅಥವಾ ಬೆನ್ನುಹುರಿ ಪೆಟ್ಟಿನ ಬಿಗಿತಕ್ಕೆ ಬ್ಯಾಕ್ಲೋಫೆನ್ ನುಂಗುವವರ ಲೆಕ್ಕ ಬೇರೆ. ಅವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ಸ್ಟ್ರಿಪ್ ಖಾಲಿಯಾಗುವ ಮೊದಲೇ ಇನ್ನೊಂದು ತಂದಿಡಿ.

ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಯಾವ ಮಾತ್ರೆಗೂ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.