ಯೇಸುವಿನ ದೈವತ್ವದ ಪಾಠವನ್ನು ಸತ್ಯವೇದ ಕೂಟದಲ್ಲಿ ನಡೆಸುವ ಬಗೆ

ಈ ಪಾಠ ಕೆಡುವುದು ಹೆಚ್ಚಾಗಿ ಮೊದಲ ಐದು ನಿಮಿಷಗಳಲ್ಲೇ. ನಡೆಸುವವರು ನೇರವಾಗಿ ಯೋಹಾನ 1:1 ಓದಿಸುತ್ತಾರೆ, ಇಲ್ಲವೇ ಸಭೆಯ ನಂಬಿಕೆಯ ಅರಿಕೆಯಾದ ನೈಸಿಯಾ ವಿಶ್ವಾಸಪ್ರಮಾಣ ಹೇಳಿಸುತ್ತಾರೆ. ಕೂತವರೆಲ್ಲ ಆಮೆನ್ ಅನ್ನುತ್ತಾರೆ. ಆದರೆ ನಾಳೆ ಯಾರಾದರೂ ಮನೆ ಬಾಗಿಲಿಗೆ ಬಂದು "ಯೇಸು ದೇವರೆಂದು ಎಲ್ಲಿ ಬರೆದಿದೆ?" ಎಂದರೆ ಆ ಒಂದು ವಚನ ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ಹಾಗಾಗಬಾರದೆಂದರೆ ಹಳೆಯ ಒಡಂಬಡಿಕೆಯಿಂದ ಹೊರಡಬೇಕು: ಯೆಹೋವನೊಬ್ಬನಿಗೇ ಸೇರಿದ್ದು ಯಾವುದು ಎಂದು ಮೊದಲು ಗುರುತಿಸಿ, ಅದನ್ನೇ ಅಪೊಸ್ತಲರು ಯೇಸುವಿಗೆ ಸಲ್ಲಿಸಿರುವುದನ್ನು ಆಮೇಲೆ ತೋರಿಸಬೇಕು.

ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹತ್ತು ಹನ್ನೆರಡು ಜನ ಇದ್ದರೆ ಮಾತು ಚೆನ್ನಾಗಿ ನಡೆಯುತ್ತದೆ. ಎಲ್ಲರ ಕೈಯಲ್ಲೂ ಎರಡೂ ಒಡಂಬಡಿಕೆಗಳಿರುವ ಮುದ್ರಿತ ಸತ್ಯವೇದ ಇರಲಿ, ಜೊತೆಗೆ ಎರಡು ಕಾಗದದ ಚೀಟಿ. ಒಂದೇ ಹೊತ್ತಿಗೆ ಎರಡು ಕಡೆ ತೆರೆದು ಹೋಲಿಸಬೇಕಾದ್ದರಿಂದ ಮೊಬೈಲ್ ಇಲ್ಲಿ ತೊಡಕು. ಒಂದು ಕಪ್ಪುಹಲಗೆ ಸಾಕು.

ಮೊದಲು ಯೆಶಾಯ 43:11. ಯೆಹೋವನ ಹೊರತು ರಕ್ಷಕನೇ ಇಲ್ಲ ಎಂಬ ಮಾತನ್ನು ಹಲಗೆಯ ಮೇಲೆ ಬರೆದು, ಕೊನೆಯವರೆಗೂ ಅಳಿಸಬೇಡಿ. ಆಮೇಲೆ ಕೀರ್ತನೆ 130:8: ಇಸ್ರಾಯೇಲನ್ನು ಅದರ ಎಲ್ಲ ಪಾಪಗಳಿಂದ ಬಿಡಿಸುವವನು ಯೆಹೋವನು. ಕೂಡಲೇ ಮತ್ತಾಯ 1:21 ತೆರೆಸಿ. ತನ್ನ ಜನರನ್ನು ಪಾಪಗಳಿಂದ ಬಿಡಿಸಿ ಕಾಯುವವನು ಮರಿಯಳ ಮಗ. ಹೀಬ್ರೂವಿನಲ್ಲಿ ಯೇಸು ಎಂಬ ಹೆಸರಿಗೆ 'ಯೆಹೋವನೇ ರಕ್ಷಣೆ' ಎಂಬ ಅರ್ಥವಿದೆ ಎಂದು ಇಲ್ಲಿ ಹೇಳಿ. ಆದರೆ ಹೆಸರೊಂದನ್ನೇ ಆಧಾರ ಮಾಡಿಕೊಳ್ಳಬೇಡಿ, ಮೋಶೆಯ ನಂತರ ಇಸ್ರಾಯೇಲನ್ನು ನಡೆಸಿದ ಯೆಹೋಶುವನಿಗೂ ಅದೇ ಹೆಸರು. ತೂಕವಿರುವುದು "ತನ್ನ ಜನರು", "ಪಾಪಗಳಿಂದ" ಎಂಬ ಎರಡು ಪದಗಳಲ್ಲಿ.

ಪಾಠದ ಜೀವಾಳ ಮುಂದಿನದು. ಇದಕ್ಕೆ ಅರ್ಧ ಗಂಟೆ ಕೊಡಿ. ಯೋವೇಲ 2:32ರಲ್ಲಿ ಒಂದು ಚೀಟಿ, ರೋಮಾಪುರ 10:13ರಲ್ಲಿ ಇನ್ನೊಂದು. ಯೆಹೋವನ ನಾಮವನ್ನು ಹೇಳಿಕೊಳ್ಳುವವರಿಗೆ ರಕ್ಷಣೆ ಎಂದು ಪ್ರವಾದಿ ಹೇಳಿದ್ದನ್ನೇ ಅಪೊಸ್ತಲ ಪೌಲನು ತೆಗೆದುಕೊಂಡಿದ್ದಾನೆ. ಆದರೆ ಕನ್ನಡದಲ್ಲಿ ಓದುವವರಿಗೆ ಇದು ಹೊಳೆಯುವುದಿಲ್ಲ. ನಮ್ಮ ಸತ್ಯವೇದದಲ್ಲಿ ಅಲ್ಲಿ 'ಯೆಹೋವ', ಇಲ್ಲಿ 'ಕರ್ತ'. ಕಾರಣ ಸರಳ. ಯೆಹೋವ ಎಂಬ, ಹೀಬ್ರೂವಿನಲ್ಲಿ ನಾಲ್ಕು ಅಕ್ಷರದ ಹೆಸರನ್ನು ಯೆಹೂದ್ಯರು ಬಾಯಿಬಿಟ್ಟು ಹೇಳದೆ 'ಅದೋನಾಯ್', ಅಂದರೆ ಒಡೆಯ, ಎಂದು ಓದುತ್ತಿದ್ದರು. ಗ್ರೀಕಿನಲ್ಲಿ ಅದಕ್ಕೆ ಬಂದ ಪದ 'ಕೂರಿಯೊಸ್'. ಹೊಸ ಒಡಂಬಡಿಕೆಯಲ್ಲಿ ಇರುವುದು ಅದೇ. ಹೀಬ್ರೂವಿನಿಂದ ಬಂದ ಭಾಗ ಒಂದು ಪದ, ಗ್ರೀಕಿನಿಂದ ಬಂದ ಭಾಗ ಇನ್ನೊಂದು ಪದ ಹಿಡಿಯಿತು. ನಡುವಿನ ಕೊಂಡಿ ಕಳಚಿಹೋಯಿತು. ಇದನ್ನು ಜೋಡಿಸಿ ತೋರಿಸಿದರೆ ಪೌಲನ ಧೈರ್ಯ ಎಂಥದ್ದೆಂದು ಕೂತವರಿಗೆ ತಟ್ಟುತ್ತದೆ: 9ನೇ ವಚನದಲ್ಲಿ ಯಾರನ್ನು ಕರ್ತನೆಂದು ಒಪ್ಪಿಕೊಳ್ಳಲು ಹೇಳಿದನೋ ಆ ಯೇಸುವೇ 13ರ ಕರ್ತನು. ಕಥೋಲಿಕ ಕೂಟದಲ್ಲಿ ಪವಿತ್ರ ಬೈಬಲ್ ಬಳಸುತ್ತಿದ್ದರೆ ಹಳೆಯ ಒಡಂಬಡಿಕೆಯಲ್ಲಿ 'ಸರ್ವೇಶ್ವರ' ಎಂದಿರುತ್ತದೆ, ಮೊದಲೇ ತಿಳಿಸಿಬಿಡಿ.

ಇದೇ ರೀತಿ ಇನ್ನು ಮೂರು ಜೋಡಿಗಳನ್ನು ಅವರೇ ಹುಡುಕಲಿ: ಯೆಶಾಯ 40:3 ಮತ್ತು ಮಾರ್ಕ 1:3, ಯೆಶಾಯ 45:23 ಮತ್ತು ಫಿಲಿಪ್ಪಿ 2:10-11, ಕೀರ್ತನೆ 102:25-27 ಮತ್ತು ಇಬ್ರಿಯ 1:10-12. ಉತ್ಸಾಹದಲ್ಲಿ ಒಂದು ತಪ್ಪಾಗುತ್ತದೆ. 'ಕೂರಿಯೊಸ್' ಕಂಡಲ್ಲೆಲ್ಲ ಯೆಹೋವ ಎನ್ನಲಾಗದು. ಯೋಹಾನ 4:11ರಲ್ಲಿ ಸಮಾರ್ಯದ ಹೆಂಗಸು ಅದೇ ಪದದಿಂದ ಯೇಸುವನ್ನು ಬರೀ ಅಯ್ಯಾ ಎಂದು ಕರೆಯುತ್ತಾಳೆ. ವಾದ ನಿಲ್ಲುವುದು ಯೆಹೋವನ ಕುರಿತ ವಚನವನ್ನೇ ಯೇಸುವಿಗೆ ಅನ್ವಯಿಸಿದ ಕಡೆಗಳಲ್ಲಿ ಮಾತ್ರ.

ಮಾರ್ಕ 2:1-12ಕ್ಕೆ ಹದಿನೈದು ನಿಮಿಷ ಸಾಕು. ರೋಗಿಯೊಬ್ಬನ ಪಾಪಗಳನ್ನು ಯೇಸು ಕ್ಷಮಿಸಿದಾಗ, ದೇವರೊಬ್ಬನೇ ಹೊರತು ಪಾಪ ಕ್ಷಮಿಸುವವರು ಯಾರು ಎಂಬ ಶಾಸ್ತ್ರಿಗಳ ತರ್ಕ ಸರಿಯೇ ಎಂದು ಮೊದಲು ಒಪ್ಪಿಕೊಳ್ಳಿ. ಯೇಸು ಆ ತರ್ಕವನ್ನು ತಿದ್ದದೆ ಆ ಪಾರ್ಶ್ವವಾಯು ರೋಗಿಯನ್ನು ಎಬ್ಬಿಸುತ್ತಾನೆ.

ಈಗ 'ಆದಿಯಲ್ಲಿ ವಾಕ್ಯವಿತ್ತು' ಎಂದು ತೊಡಗುವ ಯೋಹಾನ 1. ಇಲ್ಲಿ ಕನ್ನಡದ್ದೇ ಎರಡು ತೊಡಕು. ಶಾಲೆಯ ವ್ಯಾಕರಣ ಓದಿದವರಿಗೆ 'ವಾಕ್ಯ' ಎಂದರೆ ಕರ್ತೃ, ಕರ್ಮ, ಕ್ರಿಯಾಪದ. ಅದೂ ಮೊದಲ ವಚನದಲ್ಲಿ ನಪುಂಸಕಲಿಂಗ, ಹಾಗಾಗಿ ಒಂದು ವಸ್ತುವಿನಂತೆ ಕೇಳಿಸುತ್ತದೆ. ಆದಿಕಾಂಡ 1ರಲ್ಲಿ ದೇವರು ನುಡಿದು ಉಂಟುಮಾಡಿದ್ದನ್ನು ನೆನಪಿಸಿ, 14ನೇ ವಚನದವರೆಗೂ ಓದಿಸಿ, ಆ ವಾಕ್ಯ ಒಬ್ಬ ವ್ಯಕ್ತಿ ಎಂಬುದು ತಾನೇ ತೆರೆದುಕೊಳ್ಳುತ್ತದೆ. ಎರಡನೆಯದು, 14ನೇ ವಚನದಲ್ಲಿ ಹಳೆಯ ಅನುವಾದದ 'ನರಾವತಾರ'. ಕೇಳುವವರ ಮನಸ್ಸಿಗೆ ದಶಾವತಾರ ಬರುವುದು ಸಹಜ. ಅದನ್ನು ಹೀಗಳೆಯುವ ಅಗತ್ಯವಿಲ್ಲ, ವ್ಯತ್ಯಾಸ ಹೇಳಿದರೆ ಸಾಕು: ಗ್ರೀಕಿನ ಮಾತು 'ಮಾಂಸವಾದನು' ಎಂದು. ಒಂದೇ ಸಲ, ನಿಜವಾದ ಹಸಿವು, ಆಯಾಸ, ಸಾವಿನೊಂದಿಗೆ. ಸತ್ತು ಎದ್ದ ಮೇಲೂ ಆ ಮನುಷ್ಯತ್ವವನ್ನು ಕಳಚಿಡಲಿಲ್ಲ.

ಎದುರು ಪ್ರಶ್ನೆಗಳನ್ನು ನೀವೇ ಎತ್ತಿ. ಕೊಲೊಸ್ಸೆ 1:15ರ 'ಜ್ಯೇಷ್ಠ' ಎಂದರೆ ಮೊದಲು ಹುಟ್ಟಿಸಲ್ಪಟ್ಟವನೇ? ಕೀರ್ತನೆ 89:27ರಲ್ಲಿ ದಾವೀದನನ್ನು ಜ್ಯೇಷ್ಠನನ್ನಾಗಿ ಮಾಡುವೆನೆಂದು ದೇವರು ಹೇಳುತ್ತಾನೆ. ಆದರೆ ದಾವೀದನು ಇಷಯನ ಮಕ್ಕಳಲ್ಲಿ ಕಿರಿಯ. ಅದು ಸ್ಥಾನದ ಮಾತು. ಮುಂದಿನ ವಚನವೇ ಸಮಸ್ತವೂ ಆತನ ಮೂಲಕ ಸೃಷ್ಟಿಯಾಯಿತು ಎನ್ನುತ್ತದೆ. "ತಂದೆ ನನಗಿಂತ ದೊಡ್ಡವನು" (ಯೋಹಾನ 14:28) ಎಂಬುದನ್ನು ಫಿಲಿಪ್ಪಿ 2:6-8ರ ಜೊತೆ ಓದಿಸಿ. ದಾಸನ ರೂಪ ಧರಿಸಿ ತಗ್ಗಿಸಿಕೊಂಡವನು ಹಾಗೆ ಹೇಳುವುದರಲ್ಲಿ ವಿರೋಧವಿಲ್ಲ.

ಹೋಲಿಕೆಗಳ ವಿಷಯದಲ್ಲಿ ಎಚ್ಚರ. ತಂದೆ, ಮಗ, ಪವಿತ್ರಾತ್ಮರನ್ನು ನೀರು, ಮಂಜುಗಡ್ಡೆ, ಆವಿ ಇದ್ದಂತೆ ಎಂದರೆ ಒಬ್ಬನೇ ಮೂರು ವೇಷ ಹಾಕಿದಂತಾಗುತ್ತದೆ. ಇದು ಮೂರನೇ ಶತಮಾನದ ಬೋಧಕ ಸಬೆಲ್ಲಿಯಸ್ಸನ ಹೆಸರಿನಲ್ಲಿ ಸಭೆ ತಳ್ಳಿಹಾಕಿದ ಬೋಧನೆ, ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನದ ವೇಳೆ ಮಗನು ನೀರಿನಲ್ಲಿರುವಾಗ ತಂದೆ ಪರಲೋಕದಿಂದ ಮಾತನಾಡಿದ್ದಕ್ಕೆ ಅದರಲ್ಲಿ ಜಾಗವಿಲ್ಲ. ಹಾಲು ಜೇನು ಬೆರೆತಂತೆ ಎಂದರೆ ದೇವತ್ವ ಮನುಷ್ಯತ್ವ ಕಲಸಿ ಎರಡೂ ಅಲ್ಲದ್ದಾಗುತ್ತದೆ. 451ರಲ್ಲಿ ಖಾಲ್ಕೆದೋನಿನಲ್ಲಿ ಸೇರಿದ ಬಿಷಪರ ಸಭೆ ಎರಡು ಸ್ವಭಾವಗಳು ಕಲಸದೆ, ಮಾರ್ಪಡದೆ, ಒಡೆಯದೆ, ಬೇರ್ಪಡದೆ ಒಬ್ಬನಲ್ಲೇ ಇವೆ ಎಂದದ್ದು ಇದಕ್ಕಾಗಿಯೇ. ಹೋಲಿಕೆಯೇ ಇಲ್ಲದೆ ಪಾಠ ಮಾಡುವುದು ಲೇಸು.

ನೈಸಿಯಾ ಕೊನೆಗಿರಲಿ. ಮಗನು ಸೃಷ್ಟಿಯಾದವನು, ಆತನು ಇಲ್ಲದ ಕಾಲವಿತ್ತು ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಕಲಿಸಿದಾಗ, 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಸೇರಿದ ಬಿಷಪರು ಮಗನು ತಂದೆಯೊಂದಿಗೆ ಒಂದೇ ಸತ್ವವುಳ್ಳವನು ಎಂದು ಒಪ್ಪಿಕೊಂಡರು. ಹಲಗೆಯ ಮೇಲಿನ ಯೆಶಾಯನ ಮಾತಿಗೆ ಇಲ್ಲಿ ಬೆರಳಿಡಿ: ಮಗನು ಸೃಷ್ಟಿಯಾಗಿದ್ದರೆ ರಕ್ಷಕನಾಗಲಾರನು. ಬಳಿಕ ಯೋಹಾನ 20:28ರಲ್ಲಿ ಶಿಷ್ಯ ತೋಮನು ಯೇಸುವಿಗೇ "ನನ್ನ ಸ್ವಾಮಿ, ನನ್ನ ದೇವರು" ಎಂದದ್ದನ್ನು ಓದಿ, ಎಲ್ಲರೂ ಎದ್ದುನಿಂತು ವಿಶ್ವಾಸಪ್ರಮಾಣ ಹೇಳಲಿ.