ಒಳಗೆ ಹೋದ ನೀರು ಹೊರಗೆ ಬರಲಿ: ಮಳೆಗಾಲದ ಚಪ್ಪಲಿ ಆರಿಸುವುದು ಹೇಗೆ?

ಮೇ ಕೊನೆಯ ವಾರ ಚಪ್ಪಲಿ ಅಂಗಡಿಗೆ ಹೋದವರೆಲ್ಲ ಕೇಳುವುದು ಒಂದೇ: ‘ಇದರೊಳಗೆ ನೀರು ಹೋಗುವುದಿಲ್ಲ ತಾನೆ?’ ಅಂಗಡಿಯವರು ಹೇಳುವುದೂ ಒಂದೇ: ‘ಇಲ್ಲ ಮೇಡಂ, ವಾಟರ್‌ಪ್ರೂಫ್.’ ಆ ಮಾತು ನಂಬಿ ನಾನೊಮ್ಮೆ ಕಪ್ಪು ಬಣ್ಣದ, ಮುಂದೆ ಹಿಂದೆ ಮುಚ್ಚಿದ ಬೆಲ್ಲಿ ಶೂ ಕೊಂಡಿದ್ದೆ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಮೊದಲ ದಿನವೇ ಬಸ್ಸಿನಿಂದ ಇಳಿಯುವಾಗ ಕಾಲು ಗುಂಡಿಗೆ ಬಿತ್ತು. ನೀರು ಶೂವಿನ ಬಾಯಿಂದ ಒಳಗೆ ನುಗ್ಗಿತು. ಶೂ ನಿಜವಾಗಿಯೂ ವಾಟರ್‌ಪ್ರೂಫ್ ಆಗಿದ್ದುದರಿಂದ ಒಂದು ಹನಿಯೂ ಹೊರಗೆ ಹೋಗಲಿಲ್ಲ. ಸಂಜೆ ಐದೂವರೆಯವರೆಗೆ ಕಚೇರಿಯ ತುಂಬ ಪಚಕ್ ಪಚಕ್ ಎನ್ನುತ್ತ ಓಡಾಡಿದೆ.

ಅಂದಿನಿಂದ ನನ್ನ ಲೆಕ್ಕ ಬದಲಾಗಿದೆ. ನಮ್ಮ ಮಳೆಯಲ್ಲಿ ಪಾದ ಒದ್ದೆಯಾಗದೆ ಇರುವುದಿಲ್ಲ. ಒದ್ದೆಯಾದ ಪಾದ ಎಷ್ಟು ಹೊತ್ತಿನಲ್ಲಿ ಒಣಗುತ್ತದೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಮೊದಲ ಹೆಜ್ಜೆ: ನಿಮ್ಮೂರಿನ ಮಳೆ ಯಾವುದು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಬೆಂಗಳೂರಿನಲ್ಲಿ 1,000 ಮಿಲಿಮೀಟರ್ ಆಸುಪಾಸು. ಈ ಎರಡೂ ಊರುಗಳಿಗೆ ಒಂದೇ ಚಪ್ಪಲಿ ಹೇಗಾದೀತು? ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಪ್ಪಲಿ ಒಣಗಲು ಬಿಸಿಲೇ ಸಿಗುವುದಿಲ್ಲ. ಅಲ್ಲಿನವರಿಗೆ ಬೇಕಾದದ್ದು ನೀರನ್ನೇ ಹೀರದ ಚಪ್ಪಲಿ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಅದೂ ಹೆಚ್ಚಾಗಿ ಕಚೇರಿ ಬಿಡುವ ಹೊತ್ತಿಗೆ ಧೋ ಎಂದು ಸುರಿದು ನಿಲ್ಲುವ ಮಳೆ. ಅಲ್ಲಿನವರಿಗೆ ಬೆಳಗಿನ ಚಪ್ಪಲಿ ಯಾವುದಾದರೂ ಆದೀತು. ಮೇಜಿನ ಕೆಳಗೆ ಇನ್ನೊಂದು ಜೊತೆ ಇಟ್ಟಿದ್ದರೆ ಸಾಕು.

ತೋಟಕ್ಕೆ, ಕೊಟ್ಟಿಗೆಗೆ ಹೋಗುವವರಿಗೆ ಮಾತ್ರ ಗಂಬೂಟಿಗೆ ಸಾಟಿಯಿಲ್ಲ. ಮೀನಖಂಡದ ಅರ್ಧದವರೆಗಾದರೂ ಬರುವಂಥದ್ದನ್ನು ಕೊಳ್ಳಿ. ಗಿಡ್ಡ ಬೂಟಿನೊಳಗೆ ನೀರು ನಿಂತರೆ ನನ್ನ ಬೆಲ್ಲಿ ಶೂವಿನ ಕಥೆಯೇ. ಗಂಬೂಟು ಹಾಕಿದರೆ ಉಂಬಳದ (ಜಿಗಣೆಯ) ಕಾಟ ತಪ್ಪಿತು ಎಂದುಕೊಳ್ಳಬೇಡಿ, ಅದು ಬೂಟನ್ನೂ ಹತ್ತುತ್ತದೆ. ಮೇಲಂಚಿಗೆ ಸುಣ್ಣ, ಹೊಗೆಸೊಪ್ಪು ಸವರುವ ಹಳೆಯ ಉಪಾಯ ಈಗಲೂ ಚಾಲ್ತಿಯಲ್ಲಿದೆ. ನಾಟಿ ಗದ್ದೆಗಂತೂ ಬೂಟು ಬೇಡ. ಕೆಸರು ಬೂಟನ್ನು ಹಿಡಿದುಕೊಂಡು ಕಾಲನ್ನಷ್ಟೇ ಬಿಟ್ಟುಕೊಡುತ್ತದೆ.

ಎರಡನೇ ಹೆಜ್ಜೆ: ಯಾವುದರಿಂದ ಮಾಡಿದ್ದು?

ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಚಪ್ಪಲಿಯನ್ನು ಕೈಯಲ್ಲಿ ತಿರುಗಿಸಿ ಮೊದಲು ಹೊಲಿಗೆ ಹುಡುಕಿ. ಸೂಜಿ ತೂರಿದ ಕಡೆಯೆಲ್ಲ ನೀರಿಗೆ ದಾರಿ. ಅಂಟು ಹಾಕಿದ ಕಡೆ ಇಂದಲ್ಲ ನಾಳೆ ಬಾಯಿ ಬಿಡುತ್ತದೆ. ಅಚ್ಚಿಗೆ ಹೊಯ್ದು ಒಂದೇ ತುಂಡಾಗಿ ತೆಗೆದ ಚಪ್ಪಲಿಗೆ ಈ ಎರಡು ಭಯವೂ ಇಲ್ಲ.

ಹೀಗೆ ಅಚ್ಚು ಹೊಯ್ದವುಗಳಲ್ಲಿ ಎರಡು ಬಗೆ. ಪಿವಿಸಿಯ ಚಪ್ಪಲಿ ಕೈಗೆ ತೂಕ, ತುಸು ಹೊಳಪು, ಹೊಸದರಲ್ಲಿ ಪ್ಲಾಸ್ಟಿಕ್ ವಾಸನೆ. ಅಗ್ಗ, ಗಟ್ಟಿ, ಬೇಗ ಸವೆಯುವುದಿಲ್ಲ. ಆದರೆ ಅಂಚು ಒರಟಾಗಿದ್ದರೆ ಒದ್ದೆ ಚರ್ಮವನ್ನು ಎರಡೇ ದಿನದಲ್ಲಿ ಸುಲಿಯುತ್ತದೆ. ಕೊಳ್ಳುವ ಮುನ್ನ ಪಟ್ಟಿಯ ಒಳ ಅಂಚಿನ ಮೇಲೆ ಬೆರಳು ಆಡಿಸಿ. ಅಚ್ಚಿನ ಗೆರೆ ಬೆರಳಿಗೆ ತಾಗಿದರೆ ಹಿಮ್ಮಡಿಗೂ ತಾಗುತ್ತದೆ. ಇನ್ನೊಂದು ಇವಿಎ: ತೂತು ತೂತಿನ ಕ್ಲಾಗ್‌ಗಳನ್ನು ಹೆಚ್ಚಾಗಿ ಇಂಥ ಹಗುರ ಫೋಮ್‌ನಲ್ಲೇ ಮಾಡುತ್ತಾರೆ. ಕೊಡವಿದರೆ ಒಣಗಿತು, ನೀರಿನಲ್ಲಿ ತೇಲುತ್ತದೆ ಕೂಡ. ಬಿಸಿ ಮಾತ್ರ ತಡೆಯದು. ಬಚ್ಚಲೊಲೆಯ ಪಕ್ಕ ಒಣಗಲಿಟ್ಟರೆ ಒಂದು ಸೈಜು ಕುಗ್ಗಿರುತ್ತದೆ.

ಚರ್ಮದ ಚಪ್ಪಲಿಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆಂದು ಎಲ್ಲರಿಗೂ ಗೊತ್ತು. ಪಿಯು, ಅಂದರೆ ಪಾಲಿಯುರೆಥೇನ್‌ನಿಂದ ಮಾಡಿದ ಅಟ್ಟೆಯ (ಸೋಲ್) ವಿಷಯ ಅಷ್ಟಾಗಿ ಗೊತ್ತಿಲ್ಲ. ಅದು ಮೆತ್ತಗೆ, ಹಗುರ, ನಡೆಯಲು ಹಿತ. ಆದರೆ ಗಾಳಿಯ ತೇವವೇ ಅದನ್ನು ಒಳಗಿಂದೊಳಗೆ ಮುರಿಯುತ್ತದೆ, ನೀವು ಹಾಕಿಕೊಂಡರೂ ಇಟ್ಟರೂ. ನಾಲ್ಕಾರು ವರ್ಷ ಕಪಾಟಿನಲ್ಲಿ ಜತನವಾಗಿಟ್ಟ ಶೂ ಮದುವೆಮನೆಯ ಮೆಟ್ಟಿಲ ಮೇಲೆ ಒಣರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರುವುದು ಇದರಿಂದಲೇ. ಆದ್ದರಿಂದ ಪಿಯು ಅಟ್ಟೆಯದು ಅರ್ಧ ಬೆಲೆಗೆ ಸಿಕ್ಕಿದರೂ ಮುಂದಿನ ಮಳೆಗಾಲಕ್ಕೆಂದು ಕೊಂಡು ಇಡಬೇಡಿ.

ಮೂರನೇ ಹೆಜ್ಜೆ: ಅಟ್ಟೆ ನೋಡಿ

ಮಳೆಗಾಲದಲ್ಲಿ ಜಾರುವುದು ಹೊಲದಲ್ಲಿ ಕಡಿಮೆ, ಪಾಚಿ ಹಿಡಿದ ಅಂಗಳದಲ್ಲಿ, ರೆಡ್ ಆಕ್ಸೈಡ್ ಜಗಲಿಯಲ್ಲಿ, ಬ್ಯಾಂಕಿನ ನುಣುಪು ಟೈಲ್ಸ್ ಮೇಲೆ ಹೆಚ್ಚು. ಅಟ್ಟೆಗೆ ಉಗುರು ಒತ್ತಿ ನೋಡಿ. ಸ್ವಲ್ಪವೂ ಒಳಗೆ ಹೋಗದ ಗಟ್ಟಿ ಪ್ಲಾಸ್ಟಿಕ್ ಒದ್ದೆ ಟೈಲ್ಸ್ ಮೇಲೆ ಸ್ಕೇಟಿಂಗ್ ಮಾಡಿಸುತ್ತದೆ. ಒತ್ತಿದರೆ ತಗ್ಗಿ ಮತ್ತೆ ಮೇಲೇಳುವ ರಬ್ಬರ್ ಒಳ್ಳೆಯದು. ಗೀರುಗಳು ನೀರನ್ನು ಬದಿಗೆ ಹೊರದಬ್ಬುವಂತೆ ಅಂಚಿನವರೆಗೂ ಸಾಗಿರಬೇಕು. ನಡುವಿನಲ್ಲಷ್ಟೇ ಹೂವಿನ ಚಿತ್ತಾರವಿದ್ದರೆ ಅದು ಬರೀ ಅಲಂಕಾರ. ಇವಿಎ ಕೊಳ್ಳುವುದಾದರೆ ಕೆಳಗೆ ರಬ್ಬರ್ ಪದರ ಇರುವುದನ್ನೇ ಕೇಳಿ, ಬರೀ ಫೋಮ್ ಬೇಗ ಸವೆದು ನುಣ್ಣಗಾಗುತ್ತದೆ.

ನಾಲ್ಕನೇ ಹೆಜ್ಜೆ: ಹಾಕಿ ನಡೆಯಿರಿ

ಸಂಜೆಯ ಹೊತ್ತು ಅಂಗಡಿಗೆ ಹೋಗಿ, ದಿನವಿಡೀ ನಿಂತ ಪಾದ ಅಷ್ಟರಲ್ಲಿ ತುಸು ಊದಿರುತ್ತದೆ. ಕಾಲುಂಗುರ ಹಾಕುವವರು ಅದನ್ನು ತೆಗೆಯದೆಯೇ ಅಳತೆ ನೋಡಬೇಕು. ಮುಂಭಾಗ ಬಿಗಿಯಾದರೆ ಉಂಗುರ ಪಕ್ಕದ ಬೆರಳನ್ನು ಒತ್ತುತ್ತದೆ. ಅದರ ಅಡಿಯಲ್ಲಿ ತೇವ ನಿಂತರೆ ಚರ್ಮ ಬೆಳ್ಳಗೆ ಬೆಂದ ಹಾಗಾಗಿ ಕೆಸರುಹುಣ್ಣಿಗೆ ದಾರಿಯಾಗುತ್ತದೆ.

ಇನ್ನು ಹವಾಯಿ ಚಪ್ಪಲಿಯ ಕಥೆ. ಕಾಲೆತ್ತಿದಾಗ ಸಡಿಲವಾದ ಹಿಂಭಾಗ ಪಾದದಿಂದ ಬಿಟ್ಟು ಕೆಳಗೆ ಬಾಗಿ, ಮರುಕ್ಷಣ ಪಟ್ಟೆಂದು ಮೇಲೆ ಬಡಿಯುತ್ತದೆ. ಹಾಗೆ ಬಡಿಯುವಾಗ ಅಟ್ಟೆಗೆ ಅಂಟಿದ ಕೆಸರುನೀರು ಮೇಲಕ್ಕೆ ಚಿಮ್ಮುತ್ತದೆ. ಮಳೆಗಾಲದಲ್ಲಿ ಸೀರೆಯ ಹಿಂದೆ ಮಂಡಿಯವರೆಗೂ ಮೂಡುವ ಕೆಂಪು ಚುಕ್ಕೆಗಳ ಸಾಲು ಅದರದೇ ಕೆಲಸ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿದರೆ ಇದು ಬಹುಪಾಲು ನಿಲ್ಲುತ್ತದೆ, ಯಾಕೆಂದರೆ ಚಪ್ಪಲಿ ಪಾದದ ಜೊತೆಯಲ್ಲೇ ಏಳುತ್ತದೆ. ನಾನು ಈ ಒಂದು ಪಟ್ಟಿಗಾಗಿ ನೂರು ರೂಪಾಯಿ ಹೆಚ್ಚು ಕೊಡಲೂ ಸಿದ್ಧ.

ಮಧುಮೇಹ ಇರುವವರಿಗೆ, ಪಾದದಲ್ಲಿ ಗಾಯ ಇರುವವರಿಗೆ ತೆರೆದ ಚಪ್ಪಲಿ ಸಲ್ಲದು. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಅವರು ಬೆರಳು ಮುಚ್ಚುವ ಶೂವನ್ನೇ ಹಾಕಿಕೊಂಡು, ನಿಂತ ನೀರಿಗೆ ಇಳಿಯದಿರುವುದು ಲೇಸು.

ಐದನೇ ಹೆಜ್ಜೆ: ಚೆಂದವೂ ಬೇಕಲ್ಲ

ಮಳೆಗಾಲದ ಚಪ್ಪಲಿ ಎಂದರೆ ಕೆಟ್ಟದಾಗಿಯೇ ಇರಬೇಕೆಂಬ ಕಾಲ ಹೋಗಿದೆ. ಬಣ್ಣ ಆರಿಸುವಾಗ ನಿಮ್ಮೂರಿನ ಮಣ್ಣನ್ನು ನೆನಪಿಸಿಕೊಳ್ಳಿ. ಕೆಮ್ಮಣ್ಣಿನ ಊರಿನಲ್ಲಿ ಕಂದು, ಇಟ್ಟಿಗೆ ಬಣ್ಣ, ಮರೂನ್ ಒಪ್ಪುತ್ತವೆ. ಬಿಳಿ ಚಪ್ಪಲಿ ಒಂದು ವಾರಕ್ಕೆ ಗುಲಾಬಿಯಾಗುತ್ತದೆ, ಎಷ್ಟು ಉಜ್ಜಿದರೂ ಹೋಗದು. ಪಾರದರ್ಶಕ ಜೆಲ್ಲಿ ಸ್ಯಾಂಡಲ್ ಯಾವ ಸೀರೆಗೂ ಹೊಂದುತ್ತದೆ, ಕಾಲ್ಗೆಜ್ಜೆಯೂ ಕಾಣುತ್ತದೆ. ಆದರೆ ಒಳಗೆ ಸೇರಿದ ಮರಳೂ ಕಾಣುತ್ತದೆ ಎಂಬುದು ನೆನಪಿರಲಿ. ಸೀರೆಯ ಅಂಚು ನೆಲಕ್ಕೆ ತಾಗದಿರಲು ಎರಡು ಮೂರು ಸೆಂಟಿಮೀಟರ್ ದಪ್ಪದ ಸಮತಟ್ಟು ಸೋಲ್ ಸಾಕು. ಪೆನ್ಸಿಲ್ ಹೀಲ್ ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳಲೆಂದೇ ಹುಟ್ಟಿದ್ದು. ಪಲಾಜೊ ಹಾಕುವವರಿಗೆ ಯಾವ ಚಪ್ಪಲಿಯೂ ಸಹಾಯ ಮಾಡದು. ಮಳೆಗಾಲ ಮುಗಿಯುವವರೆಗೆ ಅದನ್ನು ಮಡಚಿಡಿ.

ಕೊನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಚಪ್ಪಲಿಯನ್ನು ನಲ್ಲಿಯಡಿ ತೊಳೆದು, ಅಟ್ಟೆಯ ಗೀರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಗೋಡೆಗೆ ಒರಗಿಸಿಡಿ. ಕೆಸರು ತುಂಬಿದ ಗೀರು ಇದ್ದೂ ಇಲ್ಲದಂತೆ. ಮುಚ್ಚಿದ ಶೂ ಆದರೆ ಒಳಗೆ ಹಳೆಯ ಪತ್ರಿಕೆ ಮುದುಡಿ ತುರುಕಿ, ಎರಡು ಗಂಟೆಯ ನಂತರ ಬದಲಾಯಿಸಿ. (ಈ ಪುರವಣಿಗೂ ಆ ಉಪಯೋಗವಿದೆ, ಓದಿದ ಮೇಲೆ.) ಬೆರಳ ಸಂದುಗಳನ್ನು ಒಣ ಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ ಹಾಕಿ.

ಜಗಲಿಯಲ್ಲಿಟ್ಟ ಗಂಬೂಟನ್ನು ಬೆಳಿಗ್ಗೆ ಹಾಕಿಕೊಳ್ಳುವ ಮುನ್ನ ತಲೆಕೆಳಗು ಮಾಡಿ ಎರಡು ಬಾರಿ ಬಡಿಯಿರಿ. ಹೆಚ್ಚಿನ ದಿನ ಏನೂ ಬೀಳುವುದಿಲ್ಲ. ಕೆಲವು ದಿನ ಕಪ್ಪೆ ಬೀಳುತ್ತದೆ. ಬಡಿಯಬೇಕಾದದ್ದು ಚೇಳು ಬೀಳುವ ಆ ಒಂದು ದಿನಕ್ಕಾಗಿ.