ಸಂಜೆಯ ಚಡಪಡಿಕೆಗೆ ಲ್ಯಾವೆಂಡರ್ ಎಣ್ಣೆ

ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಗ್ಗುವ ಕಾಯಿಲೆ) ಇರುವವರಿಗೆ ಸಂಜೆಯಾದರೆ ಚಡಪಡಿಕೆ ಜಾಸ್ತಿ, ಅಲ್ವಾ? ನಮ್ಮ ಅತ್ತೆಗೂ ಹಾಗೇ. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಬಾಗಿಲಿಗೂ ಮಂಚಕ್ಕೂ ಓಡಾಡುತ್ತಾರೆ. ಅದು ಶುರುವಾಗುವ ಅರ್ಧ ಗಂಟೆ ಮೊದಲೇ ಲ್ಯಾವೆಂಡರ್ ಎಣ್ಣೆ ಹಚ್ಚಿ ಅವರ ಅಂಗೈ, ಬೆರಳು ನೀವುತ್ತೇನೆ. ಬಿಗಿದ ಮುಷ್ಟಿ ಮೆಲ್ಲಗೆ ಸಡಿಲವಾಗುತ್ತೆ.

ಲ್ಯಾವೆಂಡರ್ ಎಣ್ಣೆಯನ್ನು ಹಾಗೇ ಹಚ್ಚಬೇಡಿ. ಮೈಗೆ ಹಚ್ಚುವ ಸಾದಾ ಎಣ್ಣೆ ಎರಡು ಚಮಚಕ್ಕೆ ಎರಡೇ ಹನಿ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಆಸ್ತಮಾ, ಫಿಟ್ಸ್ ಇದ್ದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಬಾಟಲಿ ಮಾತ್ರ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ, ಔಷಧಿ ಅಂತ ಕುಡಿದುಬಿಟ್ಟಾರು.

ಇದು ಮದ್ದಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ, ಡಿಮೆನ್ಶಿಯಾಗೆ ಸುವಾಸನೆಯ ಎಣ್ಣೆ ಬಳಸಿದ 13 ಅಧ್ಯಯನಗಳನ್ನು ನೋಡಿಯೂ ಗಟ್ಟಿ ಪುರಾವೆ ಸಿಗಲಿಲ್ಲ ಎಂದಿತು. ಈ ಕಾಯಿಲೆಯಲ್ಲಿ ವಾಸನೆ ಗ್ರಹಿಸುವ ಶಕ್ತಿಯೇ ಕುಗ್ಗುತ್ತದೆ. ನನಗನ್ನಿಸುವುದು, ಅರ್ಧ ಕೆಲಸ ಮಾಡುವುದು ಆ ಸ್ಪರ್ಶವೇ. ಮುಖ ತಿರುಗಿಸಿದರೆ ಸುಮ್ನೆ ಬಿಟ್ಟುಬಿಡಿ.

ಹಾಂ, ಗಲಾಟೆ ದಿಢೀರನೆ ಹೆಚ್ಚಾದರೆ ಎಣ್ಣೆ ಹುಡುಕಬೇಡಿ. ನೋವು, ಮಲಬದ್ಧತೆ, ಮೂತ್ರದ ಸೋಂಕು ಇದೆಯಾ ಅಂತ ಡಾಕ್ಟರ ಹತ್ತಿರ ತೋರಿಸಿ.